ನನ್ನ ಮಗಳನ್ನು ಇನ್ನು ಯಾರೂ ಎತ್ತಿಕೊಂಡು ಹೋಗಬಾರದು, ಶಾಸಕರೇ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮೂರಿನ ಗ್ರಂಥಾಲಯಕ್ಕೆ, ಕ್ರೀಡಾಂಗಣಕ್ಕೆ, ಬಸ್ ನಿಲ್ದಾಣದ ಶೌಚಾಲಯಕ್ಕೆ ವೀಲ್‌ಚೇರ್ ಹೋಗುವಂಥ ರ‍್ಯಾಂಪ್ ಮಾಡಿಸಿಕೊಡಿ. ಇದನ್ನೇ ಕೇಳಿ ನಿಮ್ಮ ಕಚೇರಿಗೂ ಪುರಸಭೆಗೂ ವರ್ಷಗಟ್ಟಲೆ ಅರ್ಜಿ ಕೊಟ್ಟು ಸಾಕಾಗಿ, ಈಗ ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ.

ಕಾಯ್ದೆ ನಿಮಗೆ ಗೊತ್ತೇ ಇದೆ. ಈಗಿರುವ ಸಾರ್ವಜನಿಕ ಕಟ್ಟಡಗಳಿಗೆಲ್ಲ ವಿಕಲಚೇತನರು ಹೋಗಿಬರುವಂತೆ ಮಾಡಲು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 45ನೇ ಕಲಂ ಕೊಟ್ಟದ್ದು, 2017ರಲ್ಲಿ ನಿಯಮ ಬಂದಲ್ಲಿಂದ ಐದು ವರ್ಷ. ಅದು 2022ರಲ್ಲೇ ಮುಗಿಯಿತು. ಪುರಸಭೆಯಲ್ಲಿ ವಿಕಲಚೇತನರಿಗೆಂದೇ ಮೀಸಲಿಟ್ಟ ಶೇ 5ರ ಅನುದಾನವೂ ಇದೆ.

ಹೋದ ಡಿಸೆಂಬರ್ 3ರ ವಿಕಲಚೇತನರ ದಿನಾಚರಣೆಗೆ ನೀವೇ ಅಧ್ಯಕ್ಷರು. ವೀಲ್‌ಚೇರ್ ಕೊಡಲು ನನ್ನ ಮಗಳ ಹೆಸರು ಕರೆದರು. ವೇದಿಕೆಗೆ ಇದ್ದದ್ದು ಬರೀ ಮೆಟ್ಟಿಲು. ಗುರುತಿಲ್ಲದ ಇಬ್ಬರು ಗಂಡಸರು ಬಂದು, ಅವಳನ್ನು ಒಂದು ಮಾತೂ ಕೇಳದೆ, ಕಂಕುಳಿಗೆ ಕೈಹಾಕಿ ಎತ್ತಿಕೊಂಡು ಹೋದರು. ಇಪ್ಪತ್ತು ವರ್ಷದ ಹೆಣ್ಣುಮಗಳು, ಸ್ವಾಮಿ! ಜಾರಿದ ದುಪಟ್ಟಾ ಸರಿಮಾಡಿಕೊಳ್ಳುವ ಮೊದಲೇ ಫೋಟೊ ತೆಗೆದರು. ನೀವು ನಗುತ್ತಾ ನಿಂತಿದ್ದಿರಿ. ಕೆಳಗಿಳಿದು ಬಂದು ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ? ಆ ರಾತ್ರಿ ಅವಳು ಊಟ ಮಾಡಲಿಲ್ಲ. ಪೇಪರಿನಲ್ಲಿ ಬಂದ ಆ ಫೋಟೊ ನೋಡಿ ನೆಂಟರು ಫೋನ್ ಮಾಡಿ ಅಭಿನಂದಿಸಿದರು.

ಆ ವೀಲ್‌ಚೇರ್ ಈಗ ನಡುಮನೆಯಲ್ಲೇ ಇದೆ. ಎಲ್ಲಿಗೆ ಹೋಗಬೇಕು ಹೇಳಿ? ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರ) ಪರೀಕ್ಷೆಗೆ ಓದುವ ಅವಳ ಗೆಳತಿಯರೆಲ್ಲ ಗ್ರಂಥಾಲಯದಲ್ಲಿ ಕೂರುತ್ತಾರೆ. ಅದು ಮೊದಲನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಓದುವ ಕೋಣೆಯೊಂದನ್ನು ಕೆಳಗೆ ತಂದರೂ ಸಾಕು. ಸಂಜೆ ಕ್ರೀಡಾಂಗಣದಲ್ಲಿ ವಾಲಿಬಾಲ್ ನೋಡುವ ಆಸೆ ಅವಳಿಗೆ, ಗೇಟಿನ ಹತ್ತಿರವೇ ಮೆಟ್ಟಿಲು. ಪೇಟೆಗೆ ಹೊರಟರೆ ಬೆಳಗಿನಿಂದ ನೀರು ಕುಡಿಯುವುದಿಲ್ಲ, ಶೌಚಾಲಯದ ಭಯಕ್ಕೆ. ಈ ವಯಸ್ಸಿನ ಮಕ್ಕಳು ಗೆಳೆಯರ ಜೊತೆ ಓಡಾಡದೆ ಮನೆಯಲ್ಲಿ ಕೂತು ಏನು ಮಾಡಬೇಕು? ನನಗೂ ಬೆನ್ನುನೋವು ಬಂದಿದೆ, ಇನ್ನೆಷ್ಟು ವರ್ಷ ಎತ್ತಲಿ?

ತಾಲ್ಲೂಕು ಕಚೇರಿಗೆ ರ‍್ಯಾಂಪ್ ಇದೆಯಲ್ಲ ಅನ್ನಬೇಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅದು ಲಾರಿಗೆ ಮೂಟೆ ಏರಿಸುವ ಹಲಗೆಯಷ್ಟು ಕಡಿದಾಗಿದೆ, ಅದರ ಬಾಯಿಗೇ ಬೈಕ್ ನಿಲ್ಲಿಸುತ್ತಾರೆ.

ನಮಗೆ ಸನ್ಮಾನ ಬೇಡ, ಹಣ್ಣಿನ ಬುಟ್ಟಿ ಬೇಡ. ರ‍್ಯಾಂಪ್ ಮಾಡಿಸಿ. ಮುಂದಿನ ಡಿಸೆಂಬರ್ ಒಳಗೆ ಮಾಡಿಸಿ. ಕೆಲಸದ ಆದೇಶ ಯಾವತ್ತು ಹೊರಡಿಸುತ್ತೀರಿ, ಅದನ್ನು ಬರೆದು ತಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತಾಯಿ