ಮಾಷ್ಟ್ರಿಗೆ ಶ್ರೀರಂಗಪಟ್ಣ ತೋರಿಸುವ, ಬಾ ಮಾರಾಯಾ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜು ನಿನ್ನೆ ರಾತ್ರಿ ಎರಡು ಸಲ ಕೇಳಿದೆ. ಶ್ರೀರಂಗಪಟ್ಣಕ್ಕೆ ಒಂದು ದಿನ ಧಾರಾಳ ಸಾಕು, ಬೆಳಿಗ್ಗೆ ದೇವಸ್ಥಾನ ಗುಂಬಜ್ ಎಲ್ಲ ಮುಗಿಸಿ ಸಂಜೆ ಮೈಸೂರಲ್ಲಿ ಅರಮನೆ ಲೈಟಿಂಗ್ ನೋಡುವ ಅಂತ ಹೇಳಿದ್ದಿ. ಸಾಕಾಗುದಿಲ್ಲ ಮಾರಾಯಾ. ನನಗೆ ಎರಡು ರಾತ್ರಿ ಬೇಕು, ಮತ್ತೆ ನಿನ್ನ ಕಾರಿನ ಮುಂದಿನ ಸೀಟು ಖಾಲಿ ಬೇಕು. ಯಾಕೆ ಅಂತ ಹೇಳ್ತೇನೆ, ಪತ್ರ ಉದ್ದ ಆದೀತು, ಒಂದು ಚಾ ಮಾಡ್ಕೊಂಡು ಕೂತು ಓದು.

ಮೊನ್ನೆ ಬದಿಯಡ್ಕ ಪೇಟೆಯಲ್ಲಿ ನಮ್ಮ ಸಮಾಜ ಮಾಷ್ಟ್ರು ಸಿಕ್ಕಿದ್ರು. ಈಗ 81 ಆಯ್ತಂತೆ, ಕೈಯಲ್ಲಿ ಕೋಲು ಉಂಟು, ಮೊಣಕಾಲು ಗಂಟು ಹಿಡ್ದಿದೆ, ಆದ್ರೆ ಸ್ವರ ಹಾಗೇ, ಕೊನೇ ಬೆಂಚಿಗೂ ಕೇಳುವ ಆ ಸ್ವರ. ನಾನು ನಮ್ಮ ಪ್ಲ್ಯಾನ್ ಹೇಳ್ದೆ. ಅವರು ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ, ಮತ್ತೆ "ನಾನು ಒಂದ್ಸಲವೂ ಆ ಊರು ನೋಡಿದವ ಅಲ್ಲ ಮಗಾ" ಅಂತ ಹೇಳಿದ್ರು. ನನಗೆ ನಂಬ್ಲಿಕ್ಕೇ ಆಗ್ಲಿಲ್ಲ. ಬೋರ್ಡಿನಲ್ಲಿ ಅವರು ಬಿಡಿಸ್ತಿದ್ದ ಆ ದ್ವೀಪ ನಿನಗೆ ನೆನಪುಂಟಲ್ಲ? ಕಾವೇರಿ ಎರಡಾಗಿ ಒಡೆದು ಮತ್ತೆ ಒಂದಾಗುದು, ನಡುವೆ ಪಡು ಮೂಡು ಉದ್ದಕ್ಕೆ ಮಲಗಿದ ದೋಣಿಯ ಹಾಗೆ ನೆಲ, ಪಡುವಣ ತುದಿಗೆ ಕೋಟೆ, ಮೂಡಣ ತುದಿಗೆ ಗೋರಿ. ಆಮೇಲೆ ಅದೇ ಚಾಕ್‌ಪೀಸಲ್ಲಿ ಘಟ್ಟ ಇಳಿಸಿ ನಮ್ಮ ಕಡಲ ಬದಿಯ ಬೇಕಲ ಕೋಟೆಯವರೆಗೆ ಒಂದು ಗೆರೆ ಎಳೀತಿದ್ರು. ಅಲ್ಲಿ ಗೋಡೆ ಬಿದ್ದ ದಿನ ನಮ್ಮ ಹಣೆಬರಹ ಬದಲಾಯ್ತು ಮಕ್ಕಳೇ ಅಂತ. 30 ವರ್ಷ ಪಾಠ ಮಾಡಿದ ಊರನ್ನ ಆ ಮನುಷ್ಯ ಕಣ್ಣಲ್ಲಿ ಕಂಡದ್ದಿಲ್ಲ. ಸಂಬಳ, ತಂಗಿಯರ ಮದುವೆ, ತೋಟ, ಅಮ್ಮನ ಕಾಯಿಲೆ, ಒಂದಲ್ಲ ಒಂದು. ನಾನು ಅಲ್ಲೇ ನಿಂತು ಹೇಳಿಬಿಟ್ಟೆ, ಮಾಷ್ಟ್ರೇ ನೀವು ನಮ್ಮೊಟ್ಟಿಗೆ ಬರ್ತೀರಿ ಅಂತ. ನಿನ್ನ ಹತ್ರ ಕೇಳದೆ ಹೇಳಿದ್ದು. ಆದ್ರೆ ನಿನಗೆ ಬೇಸರ ಆಗ್ಲಿಕ್ಕಿಲ್ಲ ಅಂತ ಗೊತ್ತಿತ್ತು.

ಹಾಗಾಗಿ ಪ್ಲ್ಯಾನ್ ಪೂರ್ತಿ ಹೊಸತು ಮಾಡಿದ್ದೇನೆ. ಅವರ ಮೊಣಕಾಲು ನೋಡ್ಕೊಂಡು, ಬಿಸಿಲು ನೋಡ್ಕೊಂಡು.

ಹೊರಡುದು ಮೇ ಮೊದಲ ವಾರ. ಬಿಸಿಲು ಅಂತ ನೀನು ಹೇಳುವೆ, ಹೌದು, ಆದ್ರೆ ನಿನಗೆ ರಜೆ ಸಿಗುದೂ ಆಗಲೇ, ಮತ್ತೆ ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪೆನಿಗೂ ಆದ ಆ ಕಡೇ ಯುದ್ಧ ಮುಗಿದದ್ದು ಕೂಡ 1799ರ ಮೇ 4ಕ್ಕೆ. ಮಳೆಗಾಲ ಶುರುವಾಗಿ ಹೊಳೆ ತುಂಬಿದ್ರೆ ಆ ದ್ವೀಪವನ್ನ ಯಾರಿಗೂ ಮುಟ್ಲಿಕ್ಕೆ ಆಗುದಿಲ್ಲ, ಅದಕ್ಕೇ ಕಂಪೆನಿಯವರಿಗೆ ಮಳೆಗೆ ಮೊದಲು ಮುಗಿಸುವ ಅವಸರ, ಟಿಪ್ಪುವಿಗೆ ಮಳೆ ಬರುವವರೆಗೆ ತಡ್ಕೊಳ್ಳುವ ಆಸೆ. ಆ ಬತ್ತಿದ ಹೊಳೆ, ಬಂಡೆ ಎಲ್ಲ ಮೇಲೆ ಬಂದದ್ದು, ಅದನ್ನ ಕಣ್ಣಲ್ಲಿ ಕಂಡ್ರೆ ಮಾತ್ರ ಸೈನಿಕರು ನಡು ಮಧ್ಯಾಹ್ನ ಕಾಲ್ನಡಿಗೆಯಲ್ಲಿ ಹೊಳೆ ದಾಟಿದ್ದು ಹೇಗೆ ಅಂತ ಗೊತ್ತಾಗುದು. ಈಗ ಮೇಲೆ ಕನ್ನಂಬಾಡಿ ಕಟ್ಟೆ ಉಂಟಲ್ಲ, ನೀರು ಅವರು ಬಿಟ್ಟ ಹಾಗೆ, ಆದ್ರೂ ಮೇ ತಿಂಗಳಲ್ಲಿ ಬಂಡೆ ಕಾಣ್ತದೆ.

ಮೊದಲ ದಿನ ಬೆಳಿಗ್ಗೆ 5 ಗಂಟೆಗೆ ಬಿಡುವ. ಮಾಷ್ಟ್ರನ್ನ ಮನೆಯಿಂದಲೇ ಹತ್ತಿಸಿಕೊಂಡು ಮುಳ್ಳೇರಿಯ, ಆದೂರು, ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ. ಜಾಲ್ಸೂರಿನ ಹತ್ರ ಪಯಸ್ವಿನಿ ಸಿಗ್ತದಲ್ಲ, ಅಲ್ಲಿ ಒಂದು ನಿಮಿಷ ನಿಲ್ಲಿಸ್ಬೇಕು. ಅದೇ ಹೊಳೆ ಕೆಳಗೆ ನಮ್ಮ ಚಂದ್ರಗಿರಿ ಆಗುದು, ಅದು ಹುಟ್ಟುದೂ ಕೊಡಗಿನ ಬೆಟ್ಟದಲ್ಲೇ, ಕಾವೇರಿ ಹುಟ್ಟುದೂ ಕೊಡಗಿನ ಬೆಟ್ಟದಲ್ಲೇ. ಒಂದು ಪಡುವಣಕ್ಕೆ ಇಳಿದು ನಮ್ಮ ಗದ್ದೆಗೆ ಬಂತು, ಇನ್ನೊಂದು ಮೂಡಣಕ್ಕೆ ಹೋಗಿ ಆ ದ್ವೀಪ ಸುತ್ತಿತು. ಕುಶಾಲನಗರ ದಾಟುವಾಗ ಸೇತುವೆಯ ಕೆಳಗೆ ಕಾವೇರಿ, ಅಲ್ಲಿ ತಿಂಡಿ. ಮತ್ತೆ ಪಿರಿಯಾಪಟ್ಟಣ, ಹುಣಸೂರು, ಇಲವಾಲ, ಅಲ್ಲಿಂದ ಮೈಸೂರಿಗೆ ಹೋಗದೆ ಎಡಕ್ಕೆ ಕೆ.ಆರ್.ಎಸ್. ರೋಡು ಹಿಡಿದು ಬೆಳಗೊಳದ ಕಡೆಯಿಂದ ಇಳಿಯುವ. ಬೃಂದಾವನ ಬೇಡ. ಸಂಜೆ ಕಾರಂಜಿ ನೋಡುವ ಜನಜಾತ್ರೆಯಲ್ಲಿ ಮಾಷ್ಟ್ರನ್ನ ನಿಲ್ಲಿಸ್ಲಿಕ್ಕೆ ನನಗೆ ಮನಸ್ಸಿಲ್ಲ.

ಅದರ ಬದಲು ರಂಗನತಿಟ್ಟು. ಅದು ಪಟ್ಣದ ದ್ವೀಪದಲ್ಲಿ ಇಲ್ಲ, ಸ್ವಲ್ಪ ಮೇಲೆ ಹೊಳೆಯಲ್ಲೇ ಇರುವ ಸಣ್ಣ ಸಣ್ಣ ತಿಟ್ಟುಗಳು. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಅಲ್ಲಿ ಅಡ್ಡ ಕಟ್ಟೆ ಕಟ್ಟಿಸಿದ್ದಕ್ಕೆ ನೀರು ನಿಂತು ಹುಟ್ಟಿದ ತಿಟ್ಟುಗಳು ಅವು. 1940ರಲ್ಲಿ ಪಕ್ಷಿಧಾಮ ಆಯ್ತು, ಹಕ್ಕಿ ತಜ್ಞ ಸಾಲಿಂ ಅಲಿ ಹೇಳಿದ ಮೇಲೆ. ಮೇ ತಿಂಗಳಲ್ಲಿ ಕೊಕ್ಕರೆಗಳ ಗೂಡಿನಲ್ಲಿ ಮರಿ ಇರ್ತದೆ. ದೋಣಿಯಲ್ಲಿ ಕೂತರೆ ಆಯ್ತು, ನಡೆಯುವ ಕೆಲಸ ಇಲ್ಲ, ಬಂಡೆ ಮೇಲೆ ಮೊಸಳೆ ಬಾಯಿ ಕಳೆದು ಮಲಗಿರುದು ಹತ್ರದಿಂದ ಕಾಣ್ತದೆ. ಉದ್ದ ಪ್ರಯಾಣ ಮಾಡಿದ ಮುದಿ ಜೀವಕ್ಕೆ ಅದೊಂದು ವಿಶ್ರಾಂತಿ. ಅಲ್ಲಿಂದ ಸೀದಾ ರೂಮು. ಹೊಳೆ ದಡದಲ್ಲಿ ಪ್ರವಾಸೋದ್ಯಮ ನಿಗಮದ ಹೋಟೆಲು ಉಂಟು, ಕೆಳಗಿನ ರೂಮೇ ಬೇಕು ಅಂತ ಕೇಳ್ತೇನೆ.

ಎರಡನೇ ದಿನವೇ ಮುಖ್ಯ. ಬೆಳಿಗ್ಗೆ 6ಕ್ಕೆ ಕೋಟೆಯ ವಾಯವ್ಯ ಮೂಲೆ. ಅಲ್ಲಿ 1907ರಲ್ಲಿ ಮೈಸೂರು ಸರಕಾರ ನಿಲ್ಲಿಸಿದ ಸ್ಮಾರಕ ಕಂಬ ಉಂಟು, ಗೋಡೆ ಒಡೆದ ಜಾಗ ಅದರ ಹತ್ರವೇ. ಟೂರಿನವರು ಅಲ್ಲಿಗೆ ಕಡಿಮೆ ಹೋಗುದು, ಸಮಯ ಸಾಲುದಿಲ್ಲ ಅಂತ. ನನ್ನನ್ನೂ ಒಂದು ಸಲ ಒಂದು ಟೂರ್ ಬಸ್ಸಿನವರು ಇಡೀ ದ್ವೀಪಕ್ಕೆ 40 ನಿಮಿಷ ಕೊಟ್ಟು ಇಳಿಸಿದ್ರು, ದೇವಸ್ಥಾನದ ಕ್ಯೂನಲ್ಲೇ ಅದು ಮುಗಿದು ಹಾರ್ನ್ ಹಾಕ್ಲಿಕ್ಕೆ ಶುರು ಮಾಡಿದ್ರು, ಆ ದಿನದ ಸಿಟ್ಟು ಇನ್ನೂ ಹೋಗ್ಲಿಲ್ಲ ನೋಡು. ಈ ಸಲ ಮಾಷ್ಟ್ರನ್ನ ಒಂದು ಕುರ್ಚಿ ಹಾಕಿ ಹೊಳೆಗೆ ಮುಖ ಮಾಡಿ ಕೂರಿಸುವ (ಮಡಚುವ ಕುರ್ಚಿ ನಮ್ಮ ಮನೆಯಲ್ಲಿ ಉಂಟು, ನಾನು ತರ್ತೇನೆ), ಅವರು ಹೇಳಲಿ, ನಾವು ಕೇಳುವ.

ಅಲ್ಲಿ ಅವರು ಯಾರ ಕಥೆ ಹೇಳ್ತಾರೆ ಅಂತ ನನಗೆ ಗೊತ್ತುಂಟು. ಡೇವಿಡ್ ಬೇರ್ಡ್, ಇಂಗ್ಲಿಷರ ಕಡೆಯ ಸೇನಾಧಿಕಾರಿ. 1780ರಲ್ಲಿ ಕಾಂಚೀಪುರದ ಹತ್ರ ಪೊಲ್ಲಿಲೂರಲ್ಲಿ ಟಿಪ್ಪುವಿನ ಅಪ್ಪ ಹೈದರನ ಸೈನ್ಯ ಕಂಪೆನಿಯ ಕರ್ನಲ್ ಬೇಯ್ಲಿಯ ಪಡೆಯನ್ನ ಮುರಿದು ಹಾಕಿದಾಗ ಸಿಕ್ಕಿಬಿದ್ದವರಲ್ಲಿ ಅವನೂ ಒಬ್ಬ, ಇದೇ ಶ್ರೀರಂಗಪಟ್ಣದಲ್ಲಿ ಮೂರೂವರೆ ವರ್ಷದ ಮೇಲೆ ಸೆರೆಯಲ್ಲಿ ಇದ್ದ. ಬಿಡುಗಡೆ ಆದದ್ದು 1784ರ ಮಾರ್ಚಲ್ಲಿ ನಮ್ಮ ಮಂಗಳೂರಿನಲ್ಲಿ ಆದ ಒಪ್ಪಂದದಿಂದ. ಮತ್ತೆ 15 ವರ್ಷ ಕಳೆದು ಅದೇ ಬೇರ್ಡ್ ಇದೇ ಗೋಡೆ ಹತ್ತುವ ಪಡೆಯ ಮುಂದೆ ನಿಂತ. ಮಧ್ಯಾಹ್ನ ಸುಮಾರು 1 ಗಂಟೆಗೆ ಹೊಳೆಗೆ ಇಳಿದ್ರು, ಕತ್ತಲಾಗುವಾಗ ಟಿಪ್ಪುವಿನ ಹೆಣ ನೀರ ಬಾಗಿಲಿನ ಹತ್ರ ಹೆಣಗಳ ರಾಶಿಯ ನಡುವೆ ಸಿಕ್ಕಿತು. ಇಷ್ಟನ್ನ ಮಾಷ್ಟ್ರು ಒಂದು ಪೀರಿಯಡಲ್ಲಿ ಹೇಳಿ ಮುಗಿಸ್ತಿದ್ರು, ಬೆಲ್ ಹೊಡೆದ್ರೂ ನಾವು ಯಾರೂ ಏಳ್ತಿರ್ಲಿಲ್ಲ.

ಅಲ್ಲಿಂದ ಬೇಯ್ಲಿಯ ಸೆರೆಮನೆ, ಕಮಾನು ಕಮಾನಿನ ಕೋಣೆ, ಕೈದಿಗಳನ್ನ ಕಟ್ತಿದ್ದ ಕಲ್ಲುಗಳು ಗೋಡೆಯಲ್ಲಿ ಈಗಲೂ ಉಂಟು. ಮೆಟ್ಟಿಲು ಇಳೀಬೇಕು, ಮಾಷ್ಟ್ರಿಗೆ ಆಗದಿದ್ರೆ ಒಬ್ಬ ಅವರೊಟ್ಟಿಗೆ ಮೇಲೆ ನಿಲ್ಲುವ, ಒಬ್ಬ ಇಳಿದು ವೀಡಿಯೊ ಮಾಡಿ ತರುವ. ಮತ್ತೆ ಹೆಣ ಸಿಕ್ಕಿದ ಜಾಗದ ಕಲ್ಲು, ಆಮೇಲೆ ರಂಗನಾಥ ದೇವಸ್ಥಾನ, ಮಧ್ಯಾಹ್ನ ನಡೆ ಹಾಕುವ ಮೊದಲು. ಗಂಗರ ಕಾಲದ ದೇವಸ್ಥಾನ, ಹೊಯ್ಸಳರು ವಿಜಯನಗರದವರು ಸೇರಿಸ್ತಾ ಬಂದದ್ದು, ಆದಿಶೇಷನ ಮೇಲೆ ಮಲಗಿದ ದೇವರು. ಕಾವೇರಿಯ ಮೂರು ರಂಗರಲ್ಲಿ ಇವನೇ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. 1610ರಲ್ಲಿ ರಾಜ ಒಡೆಯರು ಪಟ್ಣ ಹಿಡಿದು ಮೊದಲ ದಸರಾ ಮಾಡಿದ್ದೂ ಈ ಊರಲ್ಲೇ, ಮೈಸೂರಿನ ದಸರಾದ ಬೇರು ಇಲ್ಲಿ ಉಂಟು. ಕೋಟೆ ಒಳಗೆಯೇ ದೇವಸ್ಥಾನ, ಸ್ವಲ್ಪ ದೂರದಲ್ಲಿ ಎರಡು ಮಿನಾರಿನ ಮಸೀದಿ, ಎರಡನ್ನೂ ಒಂದೇ ಬೆಳಿಗ್ಗೆ ನೋಡ್ಬೇಕು ಅಂತ ನನ್ನ ಆಸೆ. ಅರಮನೆ ಲಾಲ್ ಮಹಲ್‌ನ ಅಡಿಪಾಯ ಬಿಟ್ಟು ಏನೂ ಉಳೀಲಿಲ್ಲ. ಅದನ್ನ ಕೆಡವಿ ಅದರ ಮರದ ತೊಲೆ ಊಟಿಯ ಸೇಂಟ್ ಸ್ಟೀಫನ್ ಇಗರ್ಜಿಗೆ ಹೋಯ್ತು, ಆ ತೊಲೆಗಳು ಈಗಲೂ ಅಲ್ಲಿ ನಿಂತಿವೆ. ನೆಲದಲ್ಲಿ ಬರೀ ಕಲ್ಲು ಕಂಡಾಗ ಮಾಷ್ಟ್ರಿಗೆ ಇದನ್ನ ಹೇಳ್ಬೇಕು, ಅವರಿಗೆ ಗೊತ್ತಿರ್ಲಿಕ್ಕೂ ಸಾಕು.

ಮಧ್ಯಾಹ್ನ ಊಟ ಮಾಡಿ ಅವರು ಮಲಗಲಿ. 3ರ ನಂತರ ದರಿಯಾ ದೌಲತ್. ಅದಕ್ಕೆ ಒಂದೂವರೆ ಗಂಟೆ ಇಟ್ಟಿದ್ದೇನೆ, ಕಡಿಮೆ ಮಾಡು ಅಂತ ಹೇಳ್ಬೇಡ. 1784ರಲ್ಲಿ ಕಟ್ಟಿಸಿದ ಬೇಸಿಗೆಯ ಅರಮನೆ, ತೇಗದ ಕಂಬಗಳು, ಪಡುವಣ ಗೋಡೆ ಪೂರ್ತಿ ಪೊಲ್ಲಿಲೂರಿನ ಯುದ್ಧದ ಚಿತ್ರ. ಇಂಗ್ಲಿಷ್ ಪಡೆ ಚೌಕಾಕಾರಕ್ಕೆ ನಿಂತದ್ದು, ಮದ್ದಿನ ಗಾಡಿ ಸ್ಫೋಟ ಆದದ್ದು, ಗಾಯಗೊಂಡ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತದ್ದು. ಬೆಳಿಗ್ಗೆ ನೋಡಿದ ಸೆರೆಮನೆಗೆ ಹೆಸರು ಬಂದದ್ದು ಇವನಿಂದಲೇ, ಅವನು ಸೆರೆಯಲ್ಲೇ 1782ರಲ್ಲಿ ಸತ್ತ. ಅದಕ್ಕೇ ನಾನು ಸೆರೆಮನೆ ಬೆಳಿಗ್ಗೆಗೆ, ಚಿತ್ರ ಮಧ್ಯಾಹ್ನಕ್ಕೆ ಇಟ್ಟದ್ದು. ಕೋಟೆ ಬಿದ್ದ ಮೇಲೆ ಆ ಮನೆಯಲ್ಲಿ ಆರ್ಥರ್ ವೆಲ್ಲೆಸ್ಲಿ ಇದ್ದ, ಆಮೇಲೆ ವಾಟರ್‌ಲೂನಲ್ಲಿ ಗೆದ್ದವನು. ತಮ್ಮವರು ಸೋತ ಚಿತ್ರವನ್ನ ಅವರು ಅಳಿಸ್ಲಿಲ್ಲ, ಮತ್ತೆ ಮತ್ತೆ ಬಣ್ಣ ಹಚ್ಚಿಸಿ ಉಳಿಸಿದ್ರು.

ಅಲ್ಲಿಂದ ಗಂಜಾಂ ಮೇಲೆ ಹೋಗುವ. ಅಲ್ಲಿ ಒಂದು ಸಣ್ಣ ಇಗರ್ಜಿ ಉಂಟು, ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಕಟ್ಟಿಸಿದ್ದು. ಐದು ನಿಮಿಷ ಆದ್ರೂ ಇಳೀಬೇಕು. 1784ರಲ್ಲಿ ನಮ್ಮ ಕರಾವಳಿಯ ಕ್ರೈಸ್ತರನ್ನ ಸಾವಿರಗಟ್ಟಲೆ ಹಿಡಿದು ಘಟ್ಟ ಹತ್ತಿಸಿ ಈ ದ್ವೀಪಕ್ಕೆ ನಡೆಸಿದ್ರಲ್ಲ, ದಾರಿಯಲ್ಲೂ ಇಲ್ಲಿಯೂ ಸುಮಾರು ಜನ ಸತ್ರು, ಉಳಿದವರಲ್ಲಿ ತುಂಬ ಜನ ಊರಿಗೆ ಬಂದದ್ದು 1799ರ ನಂತರವೇ. ನಮ್ಮೂರ ಹತ್ರದ ಬೇಳದ ಕಡೆ ಹಳೇ ಮನೆಗಳಲ್ಲಿ ಅದನ್ನ ಈಗಲೂ ತಗ್ಗಿದ ಸ್ವರದಲ್ಲೇ ಹೇಳುದು. ಪೊಲ್ಲಿಲೂರಿನ ಗೆಲುವು ನೋಡಿ ಇದನ್ನ ನೋಡದೆ ಬಂದ್ರೆ ನನಗೆ ಸಮಾಧಾನ ಇಲ್ಲ. ಮಾಷ್ಟ್ರೂ ಎರಡನ್ನೂ ಪಾಠ ಮಾಡಿದವರೇ, ಒಂದನ್ನ ಮುಚ್ಚಿಟ್ಟು ಇನ್ನೊಂದನ್ನ ಹೇಳಿದವರಲ್ಲ.

ಸಂಜೆ ಗುಂಬಜ್, ಅದೇ ಮೂಡಣ ತುದಿಯ ಗೋರಿ. ಸುತ್ತ 36 ಕಪ್ಪು ಕಲ್ಲಿನ ಕಂಬ, ಒಳಗೆ ಗೋಡೆಯಲ್ಲಿ ಹುಲಿಪಟ್ಟೆ, ಹೈದರ್, ಫಕ್ರುನ್ನೀಸಾ, ಟಿಪ್ಪು, ಅಪ್ಪ ಅಮ್ಮ ಮಗ ಒಟ್ಟಿಗೆ. ಟಿಪ್ಪುವನ್ನ ಮರುದಿನ ಮಣ್ಣು ಮಾಡಿದ ಸಂಜೆ ಭಾರೀ ಗುಡುಗು ಸಿಡಿಲು ಬಂದಿತ್ತಂತೆ. ಆ ಮಳೆ ಎರಡು ವಾರ ಮೊದಲೇ ಜೋರಾಗಿ ಬರ್ತಿದ್ರೆ ಅಂತ ಮಾಷ್ಟ್ರು ಪ್ರತಿ ವರ್ಷ ಕೇಳಿ ಪಾಠ ನಿಲ್ಲಿಸ್ತಿದ್ದದ್ದು ನಿನಗೆ ನೆನಪಾಗ್ತದಾ? ಅಲ್ಲಿಂದ ಮುಂದೆ ಸಂಗಮ, ದ್ವೀಪದ ಮೂಡಣ ತುದಿ, ಎರಡು ಕವಲು ಮತ್ತೆ ಒಂದಾಗುದು. ಕತ್ತಲಾಗುವವರೆಗೆ ಅಲ್ಲೇ.

ಮೂರನೇ ದಿನ ಜಾಸ್ತಿ ಇಲ್ಲ. ದಿವಾನ ಪೂರ್ಣಯ್ಯನವರ ಕಾಲದಲ್ಲಿ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ, ಮತ್ತೆ ಕರೀಘಟ್ಟ, ಬೆಟ್ಟಕ್ಕೆ ಕಾರು ಹತ್ತುತ್ತದೆ. ಮೇಲಿಂದ ಇಡೀ ದ್ವೀಪ ಕಾಣ್ತದೆ. ಬೋರ್ಡಿನಲ್ಲಿ ಬಿಡಿಸಿದ ಹಾಗೇ ಉಂಟಾ ಅಂತ ಅವರೇ ನೋಡಿ ಹೇಳಲಿ, ಅದನ್ನ ಕಡೆಗೆ ಇಟ್ಟದ್ದೂ ಅದಕ್ಕೇ. ನಿಮಿಷಾಂಬಾ, ಪಶ್ಚಿಮವಾಹಿನಿ ಎಲ್ಲ ಅವರ ಕಾಲು ನೋಡಿ ಅಲ್ಲೇ ತೀರ್ಮಾನ ಮಾಡುವ.

ಮಾರಾಯಾ, ಬೇರೆಯವರಿಗೆ ಇದು ಮೈಸೂರಿಗೆ ಹೋಗುವ ದಾರಿಯ ಒಂದು ಸ್ಟಾಪು. ನಮಗೆ ಹಾಗಲ್ಲ. ಬೇಕಲ ಕೋಟೆ ಕೆಳದಿ ನಾಯಕರದ್ದು, ಹೈದರ್ 1763ರಲ್ಲಿ ಬಿದನೂರು ಗೆದ್ದ ಮೇಲೆ ಮೈಸೂರಿನ ಕೈಗೆ ಬಂತು, ಟಿಪ್ಪುವಿಗೆ ಅದು ದೊಡ್ಡ ಸೈನಿಕ ಠಾಣೆ. ಆ ಒಂದು ಮಧ್ಯಾಹ್ನ ಮುಗಿಯುವಾಗ ಕೆನರಾ, ಅಂದ್ರೆ ನಮ್ಮ ಕರಾವಳಿ, ಪೂರ್ತಿ ಕಂಪೆನಿಗೆ ಹೋಯ್ತು, ಮನ್ರೋ ಕಲೆಕ್ಟರಾಗಿ ಬಂದು ಕಂದಾಯ ಬರೆಸಿದ, ಆಮೇಲೆ ನಮ್ಮ ಕಾಸರಗೋಡು ಮದ್ರಾಸ್ ಪ್ರಾಂತ್ಯ, ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮತ್ತೆ 1956ರ ನವೆಂಬರ್ 1ಕ್ಕೆ ಕೇರಳ. ಅವತ್ತು ಮಾಷ್ಟ್ರು ಸಣ್ಣ ಹುಡುಗ. ಬೋರ್ಡಿನ ಆ ಗೆರೆ ಬೇಕಲದಲ್ಲಿ ನಿಲ್ಲಿಸ್ತಿದ್ರಲ್ಲ, ನಿಲ್ಲಿಸಿ ಕೈ ಒರೆಸಿಕೊಳ್ತಾ ಕಿಟಕಿ ಹೊರಗೆ ನೋಡ್ತಿದ್ರು. ಆಗ ನಮಗೆ ಅರ್ಥ ಆಗ್ತಿರ್ಲಿಲ್ಲ.

ಈಗ ನಿನ್ನ ಕೆಲಸ. ರಜೆ ಮೂರು ದಿನ ಹಾಕು, ಕಾರಿನ ಎ.ಸಿ. ಸರಿ ಮಾಡಿಸು, ಮುಂದಿನ ಸೀಟು ಹಿಂದೆ ಸರಿಯುತ್ತದಾ ನೋಡು, ಮಾಷ್ಟ್ರಿಗೆ ಕಾಲು ಚಾಚ್ಲಿಕ್ಕೆ ಬೇಕು. ಅವರಿಗೆ ರಾತ್ರಿ ಗಂಜಿ ಆಗ್ಬೇಕು, ಕುಚ್ಚಲಕ್ಕಿ ನಾನು ಕಟ್ಕೊಂಡು ಬರ್ತೇನೆ, ಹೋಟೆಲಿನವರ ಹತ್ರ ಬೇಯಿಸಿ ಕೊಡ್ಲಿಕ್ಕೆ ಕೇಳುವ. ನಿನ್ನೆ ಫೋನ್ ಮಾಡಿದ್ರು, ಒಂದು ಹಳೇ ಅಟ್ಲಾಸ್ ಹುಡುಕಿ ಇಟ್ಟಿದ್ದಾರಂತೆ, ಅದನ್ನ ತರ್ಬಹುದಾ ಅಂತ ಕೇಳಿದ್ರು. ತನ್ನಿ ಅಂತ ಹೇಳಿದ್ದೇನೆ. ಆದಿತ್ಯವಾರದ ಒಳಗೆ ತಾರೀಕು ಹೇಳು, ನಾನು ರೂಮು ಬುಕ್ ಮಾಡ್ತೇನೆ.

ನಿನ್ನ ದಾರಿ ಕಾಯ್ತಾ,
ಊರಿನ ಗೆಳೆಯ