ಒಂದು ಬಂದರಿಗೆ ಒಂದೇ ಜಾಗ: ಬಾಸ್ಟನ್ ಕ್ರೂಸ್‌ಗೆ ಹೆಸರು ಬರೆಸಿರುವವರಿಗೆ ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಏಳು ರಾತ್ರಿಯ ಬಾಸ್ಟನ್ ಕ್ರೂಸ್‌ಗೆ ನಿಮ್ಮಲ್ಲಿ ಹೆಚ್ಚಿನವರು ಊರಿಂದ ಬಂದಿರುವ ಅಪ್ಪ ಅಮ್ಮನ ಹೆಸರು ಬರೆಸಿದ್ದೀರಿ, ಕೆಲವರು ಅತ್ತೆ ಮಾವನ ಜೊತೆ ನೀವೂ ಹೊರಟಿದ್ದೀರಿ. ಹಡಗಿನ ಟಿಕೆಟ್, ಕ್ಯಾಬಿನ್, ಹೊರಡುವ ತಾರೀಖು ಯಾವುದೂ ಬದಲಾಗಿಲ್ಲ. ಬದಲಾಗಿರುವುದು ಹಡಗು ನಿಲ್ಲುವ ಊರುಗಳಲ್ಲಿ ನಾವು ಮಾಡಿಸುವ ಸುತ್ತಾಟ.

ಇಷ್ಟು ವರ್ಷ ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್, ಬಾರ್ ಹಾರ್ಬರ್, ಕೆನಡಾದ ಸೇಂಟ್ ಜಾನ್, ಹ್ಯಾಲಿಫ್ಯಾಕ್ಸ್ ನಾಲ್ಕೂ ಕಡೆ ಬಸ್ ಗೊತ್ತು ಮಾಡಿ, ಬೆಳಿಗ್ಗೆಯಿಂದ ಸಂಜೆಯೊಳಗೆ ಐದಾರು ಜಾಗ ತೋರಿಸಿ, ನಡುವೆ ಇಂಡಿಯನ್ ಹೋಟೆಲ್‌ನಲ್ಲಿ ಊಟ ಹಾಕಿಸಿ ಹಡಗಿಗೆ ವಾಪಸ್ ಬಿಡುತ್ತಿದ್ದೆವು. ಈ ಸೀಸನ್‌ನಿಂದ ಅದು ಇಲ್ಲ. ಇನ್ನು ಒಂದು ಬಂದರಿಗೆ ಒಂದೇ ಜಾಗ. ಮಧ್ಯಾಹ್ನದ ಊಟ ಆದಷ್ಟೂ ಹಡಗಿನಲ್ಲೇ. ತಲೆಗೆ 420 ಡಾಲರ್ ಇದ್ದ ಸುತ್ತಾಟದ ಹಣ 240 ಆಗಿದೆ. ಮೊದಲೇ ಪೂರ್ತಿ ಕಟ್ಟಿದವರಿಗೆ ಉಳಿದ 180 ಡಾಲರ್ ವಾಪಸ್ ಬರುತ್ತದೆ.

ಬಸ್ಸು ತುಟ್ಟಿಯಾಯಿತು ಅಂತ ಹೀಗೆ ಮಾಡಿದ್ದಾರೆ ಅಂದುಕೊಳ್ಳುವುದು ಸಹಜ. ಬಸ್ಸು ತುಟ್ಟಿಯಾಗಿರುವುದೂ ನಿಜ. ಆದರೆ ನಮ್ಮ ಕಣ್ಣು ತೆರೆಸಿದ್ದು ಹೋದ ಅಕ್ಟೋಬರ್‌ನಲ್ಲಿ ಸೇಂಟ್ ಜಾನ್‌ನಲ್ಲಿ ಆದ ಒಂದು ಮುಜುಗರ.

ಅಲ್ಲಿ ರಿವರ್ಸಿಂಗ್ ಫಾಲ್ಸ್ ಅಂತ ಒಂದು ಜಾಗ. ಹೆಸರಿಗೆ ಫಾಲ್ಸ್, ಜೋಗದ ಹಾಗೆ ಮೇಲಿಂದ ಬೀಳುವ ನೀರಲ್ಲ. ಸೇಂಟ್ ಜಾನ್ ನದಿ ಕಿರಿದಾದ ಬಂಡೆಗಳ ಸಂದಿಯಲ್ಲಿ ನುಗ್ಗಿ ಫಂಡಿ ಕೊಲ್ಲಿಗೆ ಸೇರುತ್ತದೆ. ಲೋಕದಲ್ಲೇ ಅತಿ ದೊಡ್ಡ ಉಬ್ಬರ ಬರುವ ಕೊಲ್ಲಿ ಅದು. ಸೇಂಟ್ ಜಾನ್‌ನಲ್ಲೇ ಸಮುದ್ರ ಸುಮಾರು ಎಂಟೂವರೆ ಮೀಟರ್ ಏರಿ ಇಳಿಯುತ್ತದೆ, ಅಂದರೆ ಹತ್ತಿರ ಹತ್ತಿರ ಮೂರು ಅಂತಸ್ತಿನ ಮನೆಯಷ್ಟು. ಇಳಿತವಿದ್ದಾಗ ನದಿ ಭೋರ್ಗರೆದು ಕಡಲಿಗೆ ಇಳಿಯುತ್ತದೆ. ಉಬ್ಬರ ಬಂದಾಗ ಕಡಲು ನದಿಗಿಂತ ಮೇಲೇರಿ, ಅದೇ ಸಂದಿಯಲ್ಲಿ ನದಿಯನ್ನು ಹಿಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ನೀರು ಎಡಕ್ಕೆ ಓಡುತ್ತಿದ್ದದ್ದು ಬಲಕ್ಕೆ ಓಡತೊಡಗುತ್ತದೆ, ಸುಳಿ ಏಳುತ್ತದೆ, ನೊರೆ ಕಟ್ಟುತ್ತದೆ. ಈ ಎರಡರ ನಡುವೆ ನದಿ ಮತ್ತು ಕಡಲು ಸಮಸಮ ಆಗುವ ಇಪ್ಪತ್ತು ನಿಮಿಷ ಇರುತ್ತದೆ. ಆಗ ನೀರು ತಟ್ಟೆಯಲ್ಲಿಟ್ಟ ಎಣ್ಣೆಯ ಹಾಗೆ ಸುಮ್ಮನೆ ನಿಂತಿರುತ್ತದೆ. ದೋಣಿಯವರು ದಾಟುವುದಕ್ಕೆ ಕಾಯುವುದು ಆ ಹೊತ್ತಿಗೇ.

ನಾವು ಮೂವತ್ತೆಂಟು ಜನರನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಸರಿಯಾಗಿ ಆ ಇಪ್ಪತ್ತು ನಿಮಿಷದಲ್ಲಿ. ತುಮಕೂರು ಕಡೆಯ ಹಿರಿಯರೊಬ್ಬರು ಕಟಾಂಜನ ಹಿಡಿದು ಕೆಳಗೆ ನೋಡಿದರು. ಮಫ್ಲರ್ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ನಮ್ಮವರ ಕಡೆ ತಿರುಗಿ, "ಏನ್ ಸಾರ್, ಫಾಲ್ಸ್ ಅಂದ್ರಿ. ನಮ್ಮೂರ ಕೆರೆ ಕೋಡಿ ಬಿದ್ರೆ ಇದಕ್ಕಿಂತ ಜೋರಾಗ್ ಹರಿಯುತ್ತೆ" ಅಂದರು. ಎಲ್ಲರೂ ನಕ್ಕರು. ನಮ್ಮವರೂ ನಕ್ಕರು, ಬೇರೆ ದಾರಿ ಇರಲಿಲ್ಲ. ಮುಂದಿನ ಜಾಗಕ್ಕೆ ಹೊತ್ತಾಗುತ್ತಿದೆ ಅಂತ ಡ್ರೈವರ್ ಹಾರ್ನ್ ಹಾಕುತ್ತಿದ್ದ. ಒಂದೆರಡು ಗಂಟೆ ಕಾದಿದ್ದರೆ ಅದೇ ನೀರು ಕುದಿಯುವುದನ್ನು ಅವರು ನೋಡುತ್ತಿದ್ದರು.

ತಪ್ಪು ಡ್ರೈವರ್‌ದೂ ಅಲ್ಲ, ನೀರಿನದ್ದೂ ಅಲ್ಲ. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ನಮ್ಮ ಪಟ್ಟಿಯಲ್ಲಿ ಮಾತ್ರ ವರ್ಷವಿಡೀ "ಬೆಳಿಗ್ಗೆ 10:30, ರಿವರ್ಸಿಂಗ್ ಫಾಲ್ಸ್" ಅಂತಲೇ ಅಚ್ಚಾಗಿತ್ತು. ಐದು ಜಾಗ ಹೊಂದಿಸಬೇಕಾದರೆ ಹಾಗೇ ಅಚ್ಚು ಹಾಕಬೇಕು, ಬೇರೆ ವಿಧಿಯಿಲ್ಲ. ಬೇಡವಾದದ್ದು ಆ ಐದು ಜಾಗ.

ಆದ್ದರಿಂದ ಸೇಂಟ್ ಜಾನ್‌ನಲ್ಲಿ ಇನ್ನು ರಿವರ್ಸಿಂಗ್ ಫಾಲ್ಸ್ ಒಂದೇ, ಆದರೆ ಎರಡು ಸಲ. ಇಳಿತದ ಹೊತ್ತಿಗೆ ಒಮ್ಮೆ, ಆರು ಗಂಟೆ ಬಿಟ್ಟು ಉಬ್ಬರದ ಹೊತ್ತಿಗೆ ಇನ್ನೊಮ್ಮೆ. ಬಂದರಿನಿಂದ ಬಸ್‌ನಲ್ಲಿ ಹತ್ತು ನಿಮಿಷದ ದಾರಿ, ಹೋಗಿ ಅರ್ಧ ಗಂಟೆ ನಿಂತು ಬರುವುದು. ಯಾವುದು ಮೊದಲು ಅನ್ನುವುದು ಆ ದಿನದ ಉಬ್ಬರದ ಲೆಕ್ಕದ ಮೇಲೆ. ಹಡಗು ಬೇಗ ಹೊರಡುವ ದಿನವಾದರೆ ಒಂದೇ ಸಲ, ಅದು ಮಾತ್ರ ನೀರು ಜೋರಿರುವ ಹೊತ್ತಿಗೇ. ನಡುವೆ ಹಡಗಿಗೆ ಬಂದು ಊಟ ಮಾಡಿ ಮಲಗಬಹುದು, ಇಲ್ಲವೇ ಊರೊಳಗಿನ ಸಿಟಿ ಮಾರ್ಕೆಟ್‌ಗೆ ನಡೆದು ಹೋಗಬಹುದು. 1876ರ ಕಟ್ಟಡ, ಒಳಗೆ ನಿಂತು ತಲೆಯೆತ್ತಿದರೆ ಹಡಗಿನ ಒಡಲನ್ನು ಬೋರಲು ಹಾಕಿದಂತೆ ಮರದ ಮಾಡು. ಅಲ್ಲಿ ಡಲ್ಸ್ ಅಂತ ಕಡುಗೆಂಪು ಬಣ್ಣದ ಒಣಗಿಸಿದ ಕಡಲಪಾಚಿ ಮಾರುತ್ತಾರೆ. ಸಸ್ಯಾಹಾರವೇ, ಧೈರ್ಯವಾಗಿ ತಿನ್ನಬಹುದು. ಉಪ್ಪು ಜಾಸ್ತಿಯಾದ ಸೊಪ್ಪಿನ ಪಲ್ಯವನ್ನು ಮೂರು ದಿನ ಬಿಸಿಲಿಗಿಟ್ಟ ರುಚಿ. ನಮ್ಮ ಕಚೇರಿಯಲ್ಲಿ ಒಬ್ಬರಿಗೆ ಅದು ಇಷ್ಟ, ಉಳಿದವರಿಗೆ ಇಲ್ಲ. ಮಾರ್ಕೆಟ್‌ಗೆ ಹೋಗುವ ರಸ್ತೆ ಏರು ಇದೆ, ಮಂಡಿ ನೋವಿನವರು ಯೋಚಿಸಿ ಹೊರಡಿ.

ಬಾರ್ ಹಾರ್ಬರ್ ಕಥೆ ಬೇರೆ. ಅದು ಐದು ಸಾವಿರ ಜನರ ಊರು. ಒಂದು ದೊಡ್ಡ ಹಡಗು ಬಂದರೆ ಊರಿನ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಬೆಳಿಗ್ಗೆ ಇಳಿದಂತೆ. 2022ರ ನವೆಂಬರ್‌ನಲ್ಲಿ ಊರಿನವರು ಮತ ಹಾಕಿ, ದಿನಕ್ಕೆ ಸಾವಿರಕ್ಕಿಂತ ಹೆಚ್ಚು ಕ್ರೂಸ್ ಪ್ರಯಾಣಿಕರು ಇಳಿಯಬಾರದು ಅಂತ ಮಾಡಿದರು. ವ್ಯಾಪಾರದವರು ಕೋರ್ಟಿಗೆ ಹೋದರು. 2024ರಲ್ಲಿ ಅದನ್ನು ತೆಗೆಯಬೇಕೆಂದು ಮತ್ತೆ ಮತಕ್ಕೆ ಹಾಕಿದಾಗಲೂ ಅಲ್ಪ ಅಂತರದಲ್ಲಿ ಮಿತಿಯೇ ಉಳಿಯಿತು. ಪ್ರವಾಸದ ವ್ಯಾಪಾರ ಮಾಡುವ ನಾವು ಇದನ್ನು ಬೈಯಬೇಕು. ಆದರೆ ಆ ಊರಿನ ಬೀದಿಯಲ್ಲಿ ಹಡಗಿನ ದಿನ ನಡೆದು ನೋಡಿದ ಮೇಲೆ ಬೈಯಲು ಬಾಯಿ ಬರುವುದಿಲ್ಲ. ನಿಮಗೆ ಇದರಿಂದ ಆಗುವುದಿಷ್ಟು: ಹಡಗಿನವರು ಕಡೇ ಗಳಿಗೆಯಲ್ಲಿ ಬಾರ್ ಹಾರ್ಬರ್ ಬಿಟ್ಟು ಬೇರೆ ಬಂದರಿಗೆ ಹೋಗಬಹುದು. ಹಾಗಾದರೆ ಆ ದಿನದ ನಮ್ಮ ಪಾಲಿನ ಹಣ ಪೂರ್ತಿ ವಾಪಸ್.

ಬಾರ್ ಹಾರ್ಬರ್‌ಗೇ ಹೋದರೂ ಅಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ. ಫ್ರೆಂಚ್‌ಮನ್ ಕೊಲ್ಲಿಯಲ್ಲಿ ಲಂಗರು ಹಾಕಿ, ಟೆಂಡರ್ ಅನ್ನುವ ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ. ಕ್ಯೂನಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ, ಅಲೆ ಜೋರಿದ್ದರೆ ಗಾಲಿಕುರ್ಚಿಯವರನ್ನು ಹತ್ತಿಸುವುದೂ ಇಲ್ಲ. ಹೀಗಿರುವಾಗ 1,530 ಅಡಿ ಎತ್ತರದ ಕ್ಯಾಡಿಲಾಕ್ ಬೆಟ್ಟಕ್ಕೆ ಬಸ್ ಹತ್ತಿಸಿ, ಮೇಲೆ ಮಂಜು ಮುಸುಕಿದ್ದನ್ನು ತೋರಿಸಿ ಇಳಿಸುವ ಕೆಲಸ ಸಾಕಾಗಿದೆ. ಬೆಟ್ಟವೇ ಬೇಕು ಅನ್ನುವವರು ಇನ್ನೊಮ್ಮೆ ಕಾರಿನಲ್ಲಿ ಬಂದು ಎರಡು ದಿನ ಅಕೇಡಿಯಾ ನ್ಯಾಷನಲ್ ಪಾರ್ಕ್‌ನಲ್ಲಿ ಉಳಿಯಿರಿ. ಶಿಖರದ ರಸ್ತೆಗೆ ಕಾರಿಗೆ ಮೊದಲೇ ಬುಕ್ ಮಾಡಬೇಕು, ನೆನಪಿರಲಿ. ಕ್ರೂಸ್‌ನವರಿಗೆ ಈ ಸಲ ಊರಿಗೇ ಹೆಸರು ಕೊಟ್ಟ, ಇಂಗ್ಲಿಷ್‌ನಲ್ಲಿ ಬಾರ್ ಅನ್ನುವ ಮರಳಿನ ದಿಬ್ಬ. ಇಳಿತದ ಹೊತ್ತಿಗೆ ಸಮುದ್ರ ಸರಿದು, ಊರಿನಿಂದ ಎದುರಿನ ಬಾರ್ ದ್ವೀಪಕ್ಕೆ ಜಲ್ಲಿ ಮರಳಿನ ದಾರಿ ಬಿಡುತ್ತದೆ. ಇಳಿತದ ಹಿಂದೆ ಒಂದೂವರೆ ಗಂಟೆ, ಮುಂದೆ ಒಂದೂವರೆ ಗಂಟೆ ಅಷ್ಟೇ ದಾರಿ. ಅಲ್ಲಿ ಕಾರು ನಿಲ್ಲಿಸಿ ಕಾಡು ಸುತ್ತಿ ಬಂದವರಿಗೆ ಕಾರಿನ ಚಾವಣಿ ಮಾತ್ರ ಕಂಡ ಉದಾಹರಣೆಗಳಿವೆ. ಇಳಿತದ ವೇಳೆ ನಮಗೆ ಹೊಂದದ ದಿನ ಊರ ಅಂಚಿನ ಶೋರ್ ಪಾತ್‌ನಲ್ಲಿ ನಿಧಾನವಾಗಿ ಒಂದು ನಡಿಗೆ.

ಪೋರ್ಟ್‌ಲ್ಯಾಂಡ್‌ನಲ್ಲಿ ಪೋರ್ಟ್‌ಲ್ಯಾಂಡ್ ಹೆಡ್ ದೀಪಸ್ತಂಭ. 1791ರಲ್ಲಿ ಮೊದಲು ದೀಪ ಹಚ್ಚಿದ್ದು. ಒಂದು ಗಂಟೆ ಸಾಕು.

ಹ್ಯಾಲಿಫ್ಯಾಕ್ಸ್‌ನಲ್ಲಿ ಮಾತ್ರ ಎರಡರಲ್ಲಿ ಒಂದನ್ನು ನೀವೇ ಆರಿಸಬೇಕು. ಒಂದು ಪೆಗ್ಗೀಸ್ ಕೋವ್, 1915ರ ಬಿಳಿ ದೀಪಸ್ತಂಭ, ಸುತ್ತ ಗ್ರಾನೈಟ್ ಬಂಡೆ, ಊರಿನಿಂದ ಸುಮಾರು 43 ಕಿಲೋಮೀಟರ್. ಹೋಗುವವರಿಗೆ ಕೈಮುಗಿದು ಕೇಳುವುದು ಒಂದೇ: ಕಪ್ಪಾಗಿ ಕಾಣುವ ಬಂಡೆಯ ಮೇಲೆ ಕಾಲಿಡಬೇಡಿ. ಕಪ್ಪಾಗಿದೆ ಅಂದರೆ ಅಲ್ಲಿಗೆ ಅಲೆ ಬರುತ್ತದೆ ಅಂತ ಅರ್ಥ. ಫೋಟೋಗೆ ನಿಂತವರನ್ನು ಎಳೆದುಕೊಂಡು ಹೋಗಿದೆ. ಈಗ ಮೆಟ್ಟಿಲಿಲ್ಲದ ದೊಡ್ಡ ಕಟ್ಟೆ ಮಾಡಿದ್ದಾರೆ, ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ಪಿಯರ್ 21. ಇದಕ್ಕೆ ಬಸ್ಸೇ ಬೇಡ, ಹಡಗು ನಿಲ್ಲುವ ಕಟ್ಟೆಯ ಪಕ್ಕದಲ್ಲೇ ಇದೆ. ಇಷ್ಟು ವರ್ಷ ಎಲ್ಲರನ್ನೂ ಅದರ ಮುಂದಿನಿಂದಲೇ ಬಸ್ ಹತ್ತಿಸಿಕೊಂಡು ಹೋಗಿದ್ದೇವೆ, ನೆನೆದರೆ ನಾಚಿಕೆಯಾಗುತ್ತದೆ. 1928ರಿಂದ 1971ರವರೆಗೆ ಹತ್ತಿರ ಹತ್ತಿರ ಹತ್ತು ಲಕ್ಷ ಜನ ಕೆನಡಾಕ್ಕೆ ವಲಸೆ ಬಂದು ಮೊದಲು ಕಾಲಿಟ್ಟ ಕಟ್ಟಡ, ಈಗ ವಲಸೆಯ ಮ್ಯೂಸಿಯಂ. ಗಂಟುಮೂಟೆಯಲ್ಲಿ ಊರಿಂದ ಕಟ್ಟಿಕೊಂಡು ತಂದ ತಿನಿಸನ್ನು ಕಸ್ಟಮ್ಸ್‌ನವರು ಅಲ್ಲಿಯೂ ಕಿತ್ತಿಟ್ಟುಕೊಳ್ಳುತ್ತಿದ್ದರಂತೆ. ಇದನ್ನು ಕೇಳಿದ ತಾಯಿಯೊಬ್ಬರು, ತಾವು ಬಾಸ್ಟನ್ ಏರ್‌ಪೋರ್ಟ್‌ನಲ್ಲಿ ಕಳೆದುಕೊಂಡ ಚಟ್ನಿಪುಡಿಯ ಪೊಟ್ಟಣಗಳನ್ನು ಲೆಕ್ಕ ಹಾಕಿ ಹೇಳಿದರು. ಹಿರಿಯರಿಗೆ ನಮ್ಮ ಸಲಹೆ ಪಿಯರ್ 21.

ಟೈಟಾನಿಕ್‌ನಲ್ಲಿ ಸತ್ತ 121 ಜನರ ಸಮಾಧಿ ಇರುವ ಫೇರ್‌ವ್ಯೂ ಲಾನ್ ಸ್ಮಶಾನವನ್ನು ಪಟ್ಟಿಯಿಂದ ತೆಗೆದಿದ್ದೇವೆ. ಹತ್ತು ನಿಮಿಷ ಬಸ್ ನಿಲ್ಲಿಸಿ ಸೆಲ್ಫಿ ತೆಗೆಸುವ ಜಾಗ ಅದಲ್ಲ. ಲೂನೆನ್‌ಬರ್ಗ್ ಊರೂ ಇಲ್ಲ. ಚೆಂದದ ಊರು, ಆದರೆ ನೂರು ಕಿಲೋಮೀಟರ್ ದೂರ. ಬಸ್ ಟೈರ್ ಪಂಕ್ಚರ್ ಆದರೆ ಹಡಗು ನಮಗಾಗಿ ಕಾಯುವುದಿಲ್ಲ. ಹಡಗಿನವರೇ ಮಾರುವ ಪ್ರವಾಸವಾದರೆ ಕಾಯುತ್ತಾರೆ, ನಮ್ಮಂಥ ಹೊರಗಿನವರಿಗೆ ಇಲ್ಲ. ಇದನ್ನು ನಿಮಗೆ ಮೊದಲೇ ಇಷ್ಟು ಬಿಡಿಸಿ ಹೇಳಬೇಕಿತ್ತು.

ಗಡಿಯಾರದ ವಿಷಯ. ಸೇಂಟ್ ಜಾನ್, ಹ್ಯಾಲಿಫ್ಯಾಕ್ಸ್ ಎರಡೂ ಬಾಸ್ಟನ್‌ಗಿಂತ ಒಂದು ಗಂಟೆ ಮುಂದೆ. ಕೆಲವು ಹಡಗು ಗಡಿಯಾರ ತಿರುಗಿಸುತ್ತವೆ, ಕೆಲವು ಇಲ್ಲ. ರೋಮಿಂಗ್ ಇಲ್ಲದ ಫೋನ್ ಬಾಸ್ಟನ್ ವೇಳೆಯನ್ನೇ ತೋರಿಸುತ್ತಿರುತ್ತದೆ. ಹಡಗು ಗಂಟೆ ಮುಂದೆ ಹಾಕಿದ್ದರೆ ನೀವು ನಾಲ್ಕು ಅಂದುಕೊಂಡದ್ದು ಐದಾಗಿರುತ್ತದೆ. ಅಪ್ಪನ ಕೈಗೆ ಹಳೇ ಕೈಗಡಿಯಾರ ಕಟ್ಟಿಸಿ, ಹಡಗಿನಿಂದ ಇಳಿಯುವಾಗ ಬಾಗಿಲ ಬಳಿ ಹಾಕಿರುವ ವೇಳೆ ನೋಡಿ ಸರಿಮಾಡಿಕೊಳ್ಳಲು ಹೇಳಿ.

ವೀಸಾ ಬಗ್ಗೆ ಪ್ರತಿ ಸಲ ಹೇಳುತ್ತೇವೆ, ಪ್ರತಿ ಸಲ ಒಬ್ಬರಾದರೂ ಮರೆಯುತ್ತಾರೆ. ಬಾಸ್ಟನ್‌ನಿಂದ ಹೊರಟು ಬಾಸ್ಟನ್‌ಗೇ ಮರಳುವ ವಿದೇಶಿ ಧ್ವಜದ, ಅಂದರೆ ಪರದೇಶದಲ್ಲಿ ನೋಂದಾಯಿಸಿದ ಹಡಗು ನಡುವೆ ಪರದೇಶದ ಒಂದು ಬಂದರನ್ನಾದರೂ ಮುಟ್ಟಲೇಬೇಕು. 1886ರ ಅಮೆರಿಕದ ಕಾನೂನು ಅದು, ಹಾಗಾಗಿ ಕೆನಡಾ ತಪ್ಪಿಸುವಂತಿಲ್ಲ. ಭಾರತದ ಪಾಸ್‌ಪೋರ್ಟ್‌ನಲ್ಲಿ ಅಮೆರಿಕದ ವಿಸಿಟರ್ ವೀಸಾ ಮಾತ್ರ ಇರುವ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇರೆ ಬೇಕು, ಎಚ್-1ಬಿ ಅನ್ನುವ ಅಮೆರಿಕದ ಕೆಲಸದ ವೀಸಾದಲ್ಲಿರುವ ನಿಮಗೂ ಬೇಕು. ಇಲ್ಲದಿದ್ದರೆ ಬಾಸ್ಟನ್‌ನಲ್ಲಿ ಹಡಗು ಹತ್ತಿಸುವುದೇ ಇಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಕಾರ್ಡ್, ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಎರಡೂ ಇದ್ದರೆ ಸಾಕು.

ಇಂಡಿಯನ್ ಊಟ ತೆಗೆದದ್ದಕ್ಕೆ ಬೇಜಾರಾಗುವವರು ಇದ್ದಾರೆ, ಗೊತ್ತು. ಆ ಊಟಕ್ಕೆ ಹೋಗಿ ಬರುವುದರಲ್ಲಿ ದಿನದ ಎರಡು ಗಂಟೆ ಮುಗಿಯುತ್ತಿತ್ತು. ಹಡಗಿನಲ್ಲಿ ಸಸ್ಯಾಹಾರ ಬೇಕೆಂದು ಮೊದಲ ದಿನವೇ ಹೇಳಿದರೆ ಅನ್ನ, ಬೇಳೆ ಸಿಗುವ ಏರ್ಪಾಡು ಸಾಮಾನ್ಯವಾಗಿ ಆಗುತ್ತದೆ, ಹೆಸರು ಬರೆಸುವಾಗಲೇ ನಾವೂ ತಿಳಿಸುತ್ತೇವೆ. ಹೊರಗೆ ಹಸಿವಾದರೆ ಎಚ್ಚರ: ಚೌಡರ್ ಅಂದರೆ ಮೀನು ಚಿಪ್ಪಿನ ಸಾರು, ಪೂಟೀನ್ ಅನ್ನುವ ಆಲೂಗೆಡ್ಡೆ ಫ್ರೈಸ್ ಮೇಲಿನ ಗ್ರೇವಿ ಹೆಚ್ಚಾಗಿ ಮಾಂಸದ್ದು, ಮೇನ್ ಕಡೆಯ ಪಾಪ್‌ಓವರ್ ಅನ್ನುವ ಉಬ್ಬಿದ ಬನ್ನಿನಲ್ಲಿ ಮೊಟ್ಟೆ ಇರುತ್ತದೆ. ಹಡಗಿನಿಂದ ಹಣ್ಣು, ಅಡುಗೆ ಕಟ್ಟಿಕೊಂಡು ಇಳಿಯಬೇಡಿ, ಗೇಟಿನಲ್ಲೇ ತೆಗೆದಿಡುತ್ತಾರೆ.

ಹೊಸ ಏರ್ಪಾಡು ಒಪ್ಪಿಗೆಯಾದವರು ಏನೂ ಮಾಡಬೇಕಿಲ್ಲ, ಹಣ ಕಟ್ಟಿದ ಕಾರ್ಡಿಗೇ 180 ಡಾಲರ್ ಬರುತ್ತದೆ. ನಮ್ಮ ಸುತ್ತಾಟವೇ ಬೇಡ, ಹಡಗಿನವರದ್ದೇ ತೆಗೆದುಕೊಳ್ಳುತ್ತೇವೆ ಅನ್ನುವವರು ಆಗಸ್ಟ್ 15ರೊಳಗೆ ಒಂದು ಸಾಲು ಬರೆದರೆ ಪೂರ್ತಿ 420 ವಾಪಸ್, ಕಾರಣ ಕೇಳುವುದಿಲ್ಲ. ಹ್ಯಾಲಿಫ್ಯಾಕ್ಸ್‌ನಲ್ಲಿ ಪೆಗ್ಗೀಸ್ ಕೋವ್ ಬೇಕೋ ಪಿಯರ್ 21 ಬೇಕೋ ಅನ್ನುವುದನ್ನೂ ಅಷ್ಟರೊಳಗೆ ತಿಳಿಸಿ, ಬಸ್ಸಿನ ಸೀಟು ಲೆಕ್ಕ ಹಾಕಬೇಕು.

ನಿಮ್ಮ ತಾರೀಖಿನ ಉಬ್ಬರ ಇಳಿತದ ವೇಳೆಯನ್ನು ಕನ್ನಡದಲ್ಲಿ, ಕನ್ನಡಕ ಇಲ್ಲದೆ ಓದುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ, ಹೊರಡುವ ಹದಿನೈದು ದಿನ ಮೊದಲು ಅಂಚೆಯಲ್ಲಿ ಕಳಿಸುತ್ತೇವೆ. ಅಕ್ಟೋಬರ್‌ನವರು ಸ್ವೆಟರ್ ಜೊತೆ ಗಾಳಿ ತಡೆಯುವ ಜಾಕೆಟ್ ಒಂದು ಇಟ್ಟುಕೊಳ್ಳಿ, ಟೆಂಡರ್ ದೋಣಿಯಲ್ಲಿ ಮಫ್ಲರ್ ನಿಲ್ಲುವುದಿಲ್ಲ.

ನಿಮ್ಮ ವಿಶ್ವಾಸಿಗಳು,
ಪ್ರವಾಸ ಕಚೇರಿಯವರು