ಏಳು ವರ್ಷವಲ್ಲ ಸ್ವಾಮಿ, ಏಳು ದಿನ

ಮಾನ್ಯ ಸಂಪಾದಕರೇ,

ಮಾರ್ಕೆಟ್ ರಸ್ತೆಯ ಕಂಪ್ಯೂಟರ್ ಅಂಗಡಿಗಳ ಮೇಲಿನ ದಾಳಿಯ ಸುದ್ದಿ ಓದಿದೆ. ಪೈರೇಟೆಡ್ ಗೇಮ್‌ಗಳ ‘ಭಾರಿ ಬೇಟೆ’ಯಂತೆ. ಕರೆಂಟ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿ ಸುಟ್ಟಿದೆಯೆಂದು ರಿಪೇರಿಗೆ ಕೊಟ್ಟಿದ್ದ ನಮ್ಮ ಸಿಪಿಯು ಕೂಡ ಆ ಬೇಟೆಯಲ್ಲಿ ಬಿದ್ದಿದೆ! ಅದರಲ್ಲಿದ್ದದ್ದು ಗೇಮ್ ಅಲ್ಲ, ತೆರಿಗೆಯ ಲೆಕ್ಕಪತ್ರ. ರಸೀದಿ ಹಿಡಿದು ಠಾಣೆಗೆ ಮೂರು ಸಲ ಅಲೆದದ್ದಾಯಿತು. ಒಮ್ಮೆ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು, ಒಮ್ಮೆ ಊಟಕ್ಕೆ. ಮೂರನೇ ಸಲ ‘ಕೋರ್ಟಿನಲ್ಲಿ ಕೇಳಿ’. ಬಿಡಿಸಿಕೊಳ್ಳುವ ಅರ್ಜಿಯನ್ನು ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ ಕಲಂ 503ರಲ್ಲಿ ಹಾಕಬೇಕೋ, ಕೃತಿಸ್ವಾಮ್ಯ ಕಾಯ್ದೆಯ ಕಲಂ 64ರಂತೆ ಜಪ್ತಿಯಾದ 15 ದಿನದೊಳಗೇ ಹಾಕಬೇಕೋ, ಹೇಳುವ ಪುಣ್ಯಾತ್ಮರಿಲ್ಲ.

ನಿಮ್ಮ ವರದಿಗಾರರೂ ಕಡಿಮೆಯೇನಲ್ಲ. ಆಡಿದವರಿಗೂ ಏಳು ವರ್ಷ ಜೈಲು ಎಂದು ಬರೆದದ್ದು ಯಾವ ಪುಸ್ತಕ ನೋಡಿ? ಕದ್ದ ಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ ಅದೇ ಕೃತಿಸ್ವಾಮ್ಯ ಕಾಯ್ದೆಯ ಕಲಂ 63ಬಿ: ಏಳು ದಿನದಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಲಾಭಕ್ಕಾಗಿ ಅಲ್ಲದಿದ್ದರೆ ಜೈಲು ಬಿಟ್ಟು 50 ಸಾವಿರದೊಳಗಿನ ದಂಡದಲ್ಲೇ ಕೋರ್ಟು ಮುಗಿಸಬಹುದು. ನಕಲು ಮಾಡಿ ಮಾರುವ ಅಂಗಡಿಯವನದು ಕಲಂ 63, ಕನಿಷ್ಠ ಆರು ತಿಂಗಳು. ಇದು ಜಾಮೀನುರಹಿತ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಟೊರೆಂಟ್ ಹಾಕಿ ಗೇಮ್ ಇಳಿಸಿಕೊಳ್ಳುವ ಹುಡುಗರಿಗೆ ತಿಳಿಯಬೇಕಾದ್ದು ಬೇರೆ. ಗೇಮ್ ಇಳಿಯುತ್ತಿರುವಾಗಲೇ ಅದರ ತುಂಡುಗಳು ನಿಮ್ಮ ಯಂತ್ರದಿಂದ ಊರವರಿಗೆಲ್ಲ ಹೋಗುತ್ತಿರುತ್ತವೆ. ‘ಮನೆಯಲ್ಲಿ ಆಡಿದ್ದಷ್ಟೇ ಸಾರ್’ ಎಂಬ ಮಾತು ಅಲ್ಲಿಗೆ ಬಿತ್ತು.

ದೊಡ್ಡ ಕಂಪನಿಯ ಹೊಸ ಗೇಮಿಗೆ ನಾಲ್ಕೈದು ಸಾವಿರ, ಇಳಿಸಲು ನೂರು ಜಿಬಿ. ಅಂಗಡಿಯಲ್ಲಿ ಇನ್ನೂರಕ್ಕೆ ಹಾಕಿಕೊಡುತ್ತಾರೆ. ಹುಡುಗರು ಎಲ್ಲಿಗೆ ಹೋಗುತ್ತಾರೆ ಹೇಳಿ? ಆದರೆ ಆ ರೀಪ್ಯಾಕ್, ಅಂದರೆ ಹಿಂಡಿ ಚಿಕ್ಕದು ಮಾಡಿದ ಕದ್ದ ಪ್ರತಿ, ಶುರುವಿನಲ್ಲೇ ಆಂಟಿವೈರಸ್ ಆಫ್ ಮಾಡಿ ಎನ್ನುತ್ತದೆ. ಬಿಚ್ಚಿಕೊಳ್ಳಲು ಎರಡು ಗಂಟೆ. ರ್‍ಯಾಮ್ ಸಾಲದಿದ್ದರೆ, ಫೈಲು ಕೆಟ್ಟಿದ್ದರೆ ತೊಂಬತ್ತು ಪರ್ಸೆಂಟಿಗೆ ಬಂದು ‘ಐಎಸ್‌ಡನ್ ಡಿಎಲ್‌ಎಲ್’ ಎರರ್ ತೋರಿಸಿ ಕೆಲಸ ಅಲ್ಲೇ ನಿಲ್ಲುತ್ತದೆ. ಗೇಮ್ ಮುಚ್ಚಿದ ಮೇಲೂ ಫ್ಯಾನು ಕಿರುಚುತ್ತಲೇ ಇದ್ದರೆ ಒಳಗೆ ಯಾರೋ ಕದ್ದು ನಿಮ್ಮ ಯಂತ್ರದಲ್ಲೇ ಕ್ರಿಪ್ಟೊ ನಾಣ್ಯ ಅಗೆಯುತ್ತಿರಬಹುದು, ಕರೆಂಟ್ ಬಿಲ್ಲು ನಿಮ್ಮದು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸಾದರೂ ಬರುತ್ತದೆ. ಹಾಗೆಂದು ಕಾಸು ಕೊಟ್ಟವರೂ ಪೂರ್ತಿ ಬಚಾವಲ್ಲ. 2024ರ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ಕಂಪನಿ, ಸರ್ವರ್ ಇಲ್ಲದೆ ಓಡದ ‘ದಿ ಕ್ರೂ’ ಎಂಬ ಕಾರ್ ರೇಸ್ ಗೇಮಿನ ಸರ್ವರನ್ನೇ ನಿಲ್ಲಿಸಿತು. ಡಿಸ್ಕ್ ಕೊಂಡವರು ಈಗ ಅದರ ಮೇಲೆ ಟೀ ಲೋಟ ಇಡಬಹುದು.

ಇಷ್ಟಕ್ಕೂ ದಾಳಿಯ ಜೀಪು ನಿಂತದ್ದು ಎರಡು ವರ್ಷದಿಂದ ಬಾಯ್ದೆರೆದ ಚರಂಡಿಯ ಪಕ್ಕ. ಅದನ್ನು ಜಪ್ತಿ ಮಾಡಲು ಯಾವ ಕಲಂ ಬೇಕು? ಖಾತಾ ಕೇಳಲು ಹೋದರೆ ‘ಸರ್ವರ್ ಡೌನ್’. ಆ ಕಚೇರಿಯ ಕಂಪ್ಯೂಟರಿನ ಮೂಲೆಯಲ್ಲೇ ‘ವಿಂಡೋಸ್ ಆ್ಯಕ್ಟಿವೇಟ್ ಮಾಡಿ’ ಎಂಬ ಮಸುಕು ಅಕ್ಷರ ವರ್ಷದಿಂದ ಕೂತಿದೆ, ಅಂದರೆ ಅದಕ್ಕೂ ಲೈಸೆನ್ಸ್ ಹಾಕಿಲ್ಲ, ಅಲ್ಲಿಗೇಕೆ ದಾಳಿಯಿಲ್ಲ?

ಸಂಬಂಧಪಟ್ಟವರು ಕೂಡಲೇ ನಮ್ಮ ಸಿಪಿಯು ವಾಪಸ್ ಕೊಡಲಿ, ಇಲ್ಲವೇ ಚರಂಡಿಗಾದರೂ ಚಪ್ಪಡಿ ಹಾಕಿಸಲಿ. ಎರಡೂ ಆಗದಿದ್ದರೆ ಸಾಹೇಬರ ಊಟದ ವೇಳೆಯನ್ನಾದರೂ ಠಾಣೆಯ ಬೋರ್ಡಿನಲ್ಲಿ ಬರೆಸಲಿ.

– ನೊಂದ ಓದುಗ, ಮಾರ್ಕೆಟ್ ರಸ್ತೆ